ರಿಪೋರ್ಟ್ ಹೊಡೆದ್ರ ಏನಾಗ್ತದ? ಹ್ಯಾಕರ್ ಹಿಡಿಯೋರ ಕಥಿ

ಇವತ್ತಿನ ಎಪಿಸೋಡ್ ಹ್ಯಾಕರ್‌ಗಳ ಬಗ್ಗೆ. ಬ್ಯಾಂಕಿಗೆ ಕನ್ನ ಹಾಕೋ ಹ್ಯಾಕರ್ ಅಲ್ಲ. ಬಿಜಿಎಂಐ ಒಳಗ ಗ್ವಾಡಿ ಆಚೆ ಕಡಿಂದ ನಿಮ್ಮ ತಲೆಗೇ ಗುಂಡು ಇಡ್ತಾನಲ್ಲ, ಅಂವ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆ ಹುಡುಗರು ಕೇಳೋದು ಒಂದೇ ಪ್ರಶ್ನೆ: "ಅಣ್ಣಾ, ರಿಪೋರ್ಟ್ ಹೊಡೆದ್ರ ಖರೇನ ಏನರ ಆಗ್ತದೇನು?" ಇದಕ್ಕೆ ಉತ್ತರ ಹೇಳಬೇಕಂದ್ರ 1999ಕ್ಕೆ ಹೋಗಬೇಕು.

ಆ ವರ್ಷ ಡಿಸೆಂಬರ್‌ನಲ್ಲಿ ಅಮೆರಿಕದ ಜಾನ್ ಕಾರ್ಮ್ಯಾಕ್ ತಮ್ಮ 'ಕ್ವೇಕ್' ಗೇಮಿನ ಸೋರ್ಸ್ ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟರು. ಕಲಿಯೋರಿಗೆ ಹಬ್ಬ. ಮೋಸಗಾರರಿಗೂ ಹಬ್ಬ, ಅದೇ ಕೋಡ್ ತಿದ್ದಿ ಚೀಟ್ ಮಾಡಿಕೊಂಡರು. ಇಲ್ಲೇ ಮೂಲ ಸಮಸ್ಯೆ ಇರೋದು ನೋಡ್ರಿ. ಎದುರಾಳಿಯನ್ನ ಸ್ಕ್ರೀನಿನ ಮ್ಯಾಲೆ ತೋರಿಸಬೇಕಂದ್ರ ಅಂವ ಎಲ್ಲಿದ್ದಾನೆ ಅನ್ನೋದು ನಿಮ್ಮ ಫೋನಿಗೆ ಮೊದಲೇ ಗೊತ್ತಿರಬೇಕು. ಇಸ್ಪೀಟ್ ಆಡುವಾಗ ಎಲ್ಲರ ಎಲೆನೂ ನಿಮ್ಮ ಕಿಸೆದಾಗ ಇಟ್ಟು, "ನೋಡಬ್ಯಾಡಪಾ" ಅಂದಂಗ. ಗ್ವಾಡಿ ಆಚೆ ನೋಡೋ ಹ್ಯಾಕ್ ಅಂದ್ರ ಆ ಕಿಸೆಗೆ ಕೈ ಹಾಕೋದು, ಅಷ್ಟೇ.

2002ರಲ್ಲಿ ವಾಲ್ವ್ ಕಂಪನಿ 'ಕೌಂಟರ್ ಸ್ಟ್ರೈಕ್'ಗೆ ವ್ಯಾಕ್ ಅನ್ನೋ ಕಾವಲು ತಂತು. ಇದರಾಗ ಒಂದು ಜಾಣತನ ಇತ್ತು. ಸಿಕ್ಕವನನ್ನ ಕೂಡಲೇ ಬ್ಯಾನ್ ಮಾಡಂಗಿಲ್ಲ. ಕೆಲವು ದಿನ ಸುಮ್ಮನಿದ್ದು ಒಮ್ಮೆಲೇ ಎಲ್ಲರನ್ನೂ ತೆಗೀತಾರ. ಯಾವ ಚೀಟ್ ಯಾವಾಗ ಸಿಕ್ಕಿತು ಅಂತ ಮಾರೋನಿಗೆ ಗೊತ್ತಾಗಬಾರದಲ್ಲ! ಹಂಗಾಗಿ ನೀವು ರಿಪೋರ್ಟ್ ಹೊಡೆದ ಮರುದಿನವೂ ಅಂವ ಆಡ್ತಿದ್ರ, ಯಾರೂ ನೋಡಿಲ್ಲ ಅಂತ ಅಲ್ಲ.

2013ರಲ್ಲಿ 'ಓವರ್‌ವಾಚ್' ಬಂತು. ಇದು ನಮ್ಮೂರ ಪಂಚರ ಕಟ್ಟಿ ಇದ್ದಂಗ. ರಿಪೋರ್ಟ್ ಬಿದ್ದವನ ಆಟದ ರೆಕಾರ್ಡಿಂಗನ್ನ ಅನುಭವಿ ಆಟಗಾರರಿಗೆ ಹೆಸರು ಮುಚ್ಚಿ ತೋರಿಸಿ, ಮೋಸ ಹೌದೋ ಅಲ್ಲೋ ಅಂತ ಕೇಳ್ತಿದ್ದರು. 2018ರಲ್ಲಿ ವಾಲ್ವ್‌ನ ಎಂಜಿನಿಯರ್ ಒಬ್ಬರು ಬಿಚ್ಚಿಟ್ಟ ಲೆಕ್ಕ ಕೇಳ್ರಿ: ಆಟಗಾರರ ರಿಪೋರ್ಟಿನಿಂದ ಬಂದ ಕೇಸುಗಳಲ್ಲಿ ತಪ್ಪು ಸಾಬೀತಾಗ್ತಿದ್ದದ್ದು ನೂರಕ್ಕೆ 15ರಿಂದ 30 ಮಾತ್ರ. ಮಷೀನ್ ಲರ್ನಿಂಗ್ ಆರಿಸಿ ಕಳಿಸಿದ ಕೇಸುಗಳಲ್ಲಿ 80ರಿಂದ 95. ಅಂದ್ರ ಸಿಟ್ಟಿನಾಗ ನಾವು ಹೊಡೆಯೋ ರಿಪೋರ್ಟುಗಳಲ್ಲಿ ಬಹಳಷ್ಟು ಪೊಳ್ಳು. ಹೊಲದಾಗ ಕುಂತು, ದೂರದ ಟವರ್ ಹಿಡಿದು ಆಡೋ ಹುಡುಗನ ನೆಟ್ ತಡವರಿಸಿದ್ರ ಅಂವ ನಿಮ್ಮ ಸ್ಕ್ರೀನಿನ್ಯಾಗ ಇಲ್ಲಿಂದ ಅಲ್ಲಿಗೆ ಹಾರಿದಂಗ ಕಾಣ್ತಾನ. ಅದು ಹ್ಯಾಕ್ ಅಲ್ಲಪಾ, ಲ್ಯಾಗ್.

ಅದೇ ವರ್ಷ ಅಕ್ಟೋಬರ್, ಶಾಂಘೈ. ಭಾರತದ ಆಪ್ಟಿಕ್ ಇಂಡಿಯಾ ತಂಡ ಆಡ್ತಾ ಇದೆ. 'ಫಾರ್ಸೇಕನ್' ಹೆಸರಿನಲ್ಲಿ ಆಡ್ತಿದ್ದವನ ಕಂಪ್ಯೂಟರಿನಲ್ಲಿ ವರ್ಡ್ ಡಾಟ್ ಇಎಕ್ಸ್‌ಇ ಅನ್ನೋ ಫೈಲ್ ಸಿಕ್ತು. ಹೆಸರು ವರ್ಡ್, ಕೆಲಸ ಚೀಟ್. ಅಂವನಿಗೆ ಐದು ವರ್ಷ ನಿಷೇಧ ಬಿತ್ತು, ಸರಿ. ಏನೂ ತಪ್ಪು ಮಾಡದ ಉಳಿದ ನಾಲ್ವರ ತಂಡನೂ ಮುಚ್ಚಿಹೋಯ್ತು. ನನಗ ಈ ಕಥಿಯಲ್ಲಿ ಅವರದೇ ಹೆಚ್ಚು ಸಂಕಟ.

ಅಷ್ಟೊತ್ತಿಗೆ ನಮ್ಮ ಕಡೆ 2016ರ ಜಿಯೋ ಸಿಮ್ ಬಂದಾಗಿತ್ತು, 2018ರ ಮಾರ್ಚ್‌ನಲ್ಲಿ ಪಬ್‌ಜಿ ಮೊಬೈಲ್ ಬಂದಾಗಿತ್ತು. 2020ರ ಸೆಪ್ಟೆಂಬರ್ 2ರಂದು ಬಂದ್ ಆದ 118 ಆ್ಯಪ್‌ಗಳಲ್ಲಿ ಅದೂ ಒಂದು. 2021ರ ಜುಲೈನಲ್ಲಿ ಕ್ರಾಫ್ಟನ್ ಬಿಜಿಎಂಐ ತಂತು. ಆ ವರ್ಷ ಅಕ್ಟೋಬರ್ 1ರಿಂದ ನವೆಂಬರ್ 10ರೊಳಗೆ ಕಂಪನಿ ಕಾಯಂ ಬ್ಯಾನ್ ಮಾಡಿದ ಅಕೌಂಟ್ 25 ಲಕ್ಷಕ್ಕೂ ಹೆಚ್ಚು.

ನಾನು ಬಿಕಾಂ ಓದಿದಂವ, ಹಂಗಾಗಿ ನನ್ನ ತಲಿ ಖರ್ಚಿನ ಕಡೆನೇ ಹೋಗ್ತದ. ದುಡ್ಡು ಕೊಟ್ಟು ತಗೊಂಡ ಗೇಮಿನಾಗ ಬ್ಯಾನ್ ಆದ್ರ ಆ ದುಡ್ಡು ಹೋಯ್ತು. ಪುಕ್ಕಟೆ ಗೇಮಿನಾಗ ಅಕೌಂಟಿನ ಬೆಲೆ ಸೊನ್ನೆ. ಬ್ಯಾನ್ ಆದ ಮುಂದಿನ ನಿಮಿಷ ಹೊಸಾದು ತೆರೀತಾನ. 25 ಲಕ್ಷ ಅಕೌಂಟ್ ಅಂದ್ರ 25 ಲಕ್ಷ ಮಂದಿ ಅಂತ ತಿಳೀಬ್ಯಾಡ್ರಿ. ಕ್ರಾಫ್ಟನ್‌ಗೂ ಇದು ಗೊತ್ತಾತು. 2021ರ ಡಿಸೆಂಬರ್‌ನಿಂದ ಚೀಟ್ ಹಾಕಿದ ಫೋನನ್ನೇ ಬ್ಯಾನ್ ಮಾಡೋ ನಿಯಮ ತಂದರು. ಮೋಸಕ್ಕೆ ಮೊದಲ ಸಲ ಬೆಲೆ ಬಂತು. ನನ್ನ ಪ್ರಕಾರ ಸರಿಯಾದ ಹೆಜ್ಜೆನೇ.

ಆದರೆ ಬೆಂಗಳೂರಿನಾಗ ಒಬ್ಬನಿಗೆ ಒಂದು ಫೋನ್ ಇರಬಹುದು. ನಮ್ಮ ಹಳ್ಳಿ ಮನಿಯಾಗ ಒಂದು ಫೋನಿಗೆ ಮೂರು ಮಂದಿ. ಅಣ್ಣ ಎಲ್ಲಿಂದಲೋ ಹ್ಯಾಕ್ ಫೈಲ್ ಇಳಿಸಿ ಮಜಾ ಮಾಡ್ತಾನ, ಬ್ಯಾನ್ ತಮ್ಮನ ಕೊಳ್ಳಿಗೂ ಬೀಳ್ತದ. ಅದೇ ಫೋನಿನ್ಯಾಗ ಅಪ್ಪನ ಫೋನ್‌ಪೇನೂ ಇರ್ತದ; ಪ್ಲೇ ಸ್ಟೋರ್ ಹೊರಗಿನ ಫೈಲಿಗೆ ಎಲ್ಲಾ ಪರ್ಮಿಷನ್ ಕೊಟ್ಟ ಮ್ಯಾಲೆ ಅದು ಬರೀ ಗೇಮ್ ನೋಡ್ತದೋ, ಓಟಿಪಿನೂ ಓದ್ತದೋ ಯಾರಿಗೆ ಗೊತ್ತು?

ಈಗ ರಿಪೋರ್ಟ್ ವಿಷಯಕ್ಕ ಬರೋಣ. ಸತ್ತ ಕೂಡಲೇ ಒತ್ತಬ್ಯಾಡ್ರಿ. ಸ್ಪೆಕ್ಟೇಟ್ ಮಾಡಿ ಅರ್ಧ ನಿಮಿಷ ಅವನನ್ನ ನೋಡ್ರಿ. ಕಾಣದ ಮನುಷ್ಯಾನ ಹಿಂದ ಗನ್ ತಿರುಗಿಸ್ತಾ ಹೊಂಟಾನೋ, ಅಥವಾ ಸಪ್ಪಳ ಕೇಳಿ ತಿರುಗ್ತಾನೋ? ಅನುಮಾನ ಗಟ್ಟಿ ಆದ್ರ ಸರಿಯಾದ ಕಾರಣ ಆರಿಸಿ ಕಳಿಸ್ರಿ. ಇನ್ನ ಹುಬ್ಬಳ್ಳಿಯಾಗ ಸೆಕೆಂಡ್ ಹ್ಯಾಂಡ್ ಫೋನ್ ತಗೊಳ್ಳೋರು ಬ್ಯಾಟರಿ, ಡಿಸ್‌ಪ್ಲೇ ನೋಡಿದಂಗ ಇದನ್ನೂ ನೋಡ್ರಿ. ದುಡ್ಡು ಎಣಿಸೋ ಮೊದಲು ಅಂಗಡಿಯಾಗೇ ಗೇಮ್ ಹಾಕಿ, ನಿಮ್ಮ ಐಡಿಯಿಂದ ಲಾಗಿನ್ ಆಗಿ, ಒಂದು ಮ್ಯಾಚ್ ಆಡ್ರಿ.