ಒಳನಾಡಿನ ಮನೆಯಲ್ಲಿ ಕಡಲು: ಉಪ್ಪುನೀರಿನ ತೊಟ್ಟಿಯ ಚರಿತ್ರೆ

ಹುಬ್ಬಳ್ಳಿ-ಧಾರವಾಡಗಳ ನಡುವಣ ಬೈರಿದೇವರಕೊಪ್ಪದ ಮನೆಯೊಂದರಲ್ಲಿ ಕಡಲ ಹೂವನ್ನೂ ಅದರ ಆಶ್ರಯದಲ್ಲಿ ಬಾಳುವ ಕ್ಲೌನ್ ಮೀನನ್ನೂ ಸಾಕಲು ಹೊರಟವನಿಗೆ ಮೊದಲು ಎದುರಾಗುವ ತೊಡಕು ನೀರಿನದು. ಕಾರವಾರದ ಕಡಲು ಘಟ್ಟದಾಚೆ, 150 ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿದೆ. ಈ ತೊಡಕಿನ ಪರಿಹಾರಕ್ಕೂ ಒಂದು ಚರಿತ್ರೆಯುಂಟು. (ಕಡಲ ಹೂವು ಹೆಸರಿಗೆ ಮಾತ್ರ ಹೂವು, ಅದು ಕುಟುಕುವ ಎಸಳುಗಳಿಂದ ಬೇಟೆಯಾಡುವ ಪ್ರಾಣಿಯೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.)

ಮತ್ಸ್ಯಾಲಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ತೆರೆದ ಮೀನುಮನೆಯಿಂದ ಆರಂಭಿಸುತ್ತಾರೆ. ಅದಕ್ಕಿಂತ 25 ವರ್ಷ ಹಿಂದಿನ ಒಂದು ಗಾಜಿನ ಪಾತ್ರೆಯಿಂದ ಆರಂಭಿಸುವುದೇ ಯುಕ್ತವೆಂದು ನಮಗೆ ತೋರುತ್ತದೆ. 1828ರಲ್ಲಿ ಸ್ಕಾಟ್ಲೆಂಡಿನ ಸರ್ ಜಾನ್ ಡಾಲ್ಯೆಲ್ ಅವರು ನಾರ್ತ್ ಬರ್ವಿಕ್ ದಂಡೆಯಿಂದ ಒಂದು ಕಡಲ ಹೂವನ್ನು ತಂದು ಮನೆಯಲ್ಲಿರಿಸಿ, ಆಳಿನ ಮೂಲಕ ಸಮುದ್ರದ ನೀರನ್ನು ತರಿಸಿ ಬದಲಿಸುತ್ತ ಬಂದರು. 1851ರಲ್ಲಿ ಅವರು ತೀರಿಕೊಂಡ ಮೇಲೆ ಅದು ಒಬ್ಬರಿಂದ ಒಬ್ಬರಿಗೆ ಹಸ್ತಾಂತರವಾಯಿತು. 'ಅಜ್ಜಿ' ಎಂಬ ಹೆಸರನ್ನೂ ಪಡೆಯಿತು. ನೂರಾರು ಮರಿಗಳನ್ನಿತ್ತು, 1887ರಲ್ಲಿ ಎಡಿನ್‌ಬರೋದಲ್ಲಿ ಅದು ಸತ್ತಿತು. 59 ವರ್ಷ! ಶೋಧಕಯಂತ್ರವಾಗಲಿ ವಿದ್ಯುತ್ತಾಗಲಿ ಇಲ್ಲದ ಆ ಬಾಳಿಗೆ ನಿಯತವಾದ ಆರೈಕೆಯೊಂದೇ ಆಧಾರವಾಗಿತ್ತು.

ಆದರೆ ಡಾಲ್ಯೆಲ್ ಅವರಿಗೆ ಕಡಲು ಸಮೀಪವಿತ್ತು. ಒಳನಾಡಿನವರಿಗೆ ದಾರಿ ತೋರಿದವರು ಫಿಲಿಪ್ ಹೆನ್ರಿ ಗಾಸ್. ಅಡುಗೆಯ ಉಪ್ಪಿನೊಡನೆ ಎಪ್ಸಮ್ ಉಪ್ಪು, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಕ್ಲೋರೈಡುಗಳನ್ನು ಬೆರೆಸಿ ಕೃತಕ ಸಮುದ್ರಜಲವನ್ನು ಮಾಡುವ ಕ್ರಮವನ್ನು ಅವರು 1854ರಲ್ಲಿ ಪ್ರಕಟಿಸಿದರು. ಸಾಣಿಕಟ್ಟಾದ ಉಪ್ಪೊಂದನ್ನೇ ಕರಗಿಸಿದರೆ ಕಡಲಾಗದೆಂಬುದು ಇದರಿಂದ ಸ್ಪಷ್ಟ. ಇಂದಿನ ಸಿದ್ಧ ಮಿಶ್ರಣಗಳ ತತ್ತ್ವವೂ ಇದೇ. ಪ್ರಮಾಣ ಲೀಟರಿಗೆ ಸುಮಾರು 35 ಗ್ರಾಂ. ನಮ್ಮ ಕಡೆಯಲ್ಲಿ ಇನ್ನೆರಡು ಎಚ್ಚರಗಳು ಅಗತ್ಯ. ನಲ್ಲಿಯಲ್ಲಿ ಬರುವ ಮಲಪ್ರಭೆಯ ನೀರಿನ ಕ್ಲೋರಿನ್ನನ್ನು ತೆಗೆಯದೆ ಬಳಸಬಾರದು. ತಾಮ್ರದ ಹಂಡೆಯಲ್ಲಿಟ್ಟ ನೀರನ್ನಂತೂ ಹಾಕಲೇಬಾರದು, ಅಲ್ಪ ತಾಮ್ರವೂ ಕಡಲ ಹೂವಿಗೆ ವಿಷ. ಬೇಸಿಗೆಯಲ್ಲಿ ತೊಟ್ಟಿಯ ನೀರು ಆರಿದರೆ ಉಪ್ಪು ಉಳಿಯುವುದರಿಂದ, ಕೊರತೆಯನ್ನು ಸಿಹಿನೀರಿನಿಂದಲೇ ತುಂಬಬೇಕು.

ಭಾರತದಲ್ಲಿ ಮದರಾಸಿನ ಮತ್ಸ್ಯಾಲಯ 1909ರಲ್ಲಿಯೂ ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯ 1951ರಲ್ಲಿಯೂ ತೆರೆದವು. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಎರಡನೆಯದು ಕೆಲಕಾಲ ನಮ್ಮ ರಾಜಧಾನಿಯ ಮತ್ಸ್ಯಾಲಯವೇ ಆಗಿತ್ತು. ಹವಳದ ದಿಬ್ಬಗಳುಳ್ಳ ಅಮಿನಿದಿವಿ ದ್ವೀಪಗಳೂ ಅದೇ ವರ್ಷದವರೆಗೆ ದಕ್ಷಿಣ ಕನ್ನಡಕ್ಕೆ ಸೇರಿದ್ದವು.

ಮೀನು ಮತ್ತು ಹೂವುಗಳ ಸಹವಾಸವನ್ನು ಕತ್‌ಬರ್ಟ್ ಕಾಲಿಂಗ್‌ವುಡ್ 1868ರಲ್ಲಿ ವರ್ಣಿಸಿದರು. ಗುಂಪಿನ ದೊಡ್ಡ ಮೀನು ಹೆಣ್ಣೆಂದೂ ಅದು ಸತ್ತರೆ ಜೊತೆಯ ಗಂಡೇ ಹೆಣ್ಣಾಗುವುದೆಂದೂ 1977ರಲ್ಲಿ ಫ್ರಿಕ್ ದಂಪತಿಗಳು ತೋರಿಸಿದರು. ಎರಡು ಎಳೆಯ ಮೀನುಗಳನ್ನು ಒಟ್ಟಿಗೆ ಬಿಟ್ಟರೆ ಜೋಡಿ ತಾನಾಗಿ ಏರ್ಪಡುವುದು ಇದರಿಂದಲೇ. 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನ ಸಂಸ್ಥೆಯು ಕ್ಲೌನ್ ಮೀನುಗಳ ಮರಿ ಮಾಡುವ ವಿಧಾನವನ್ನು ರೂಪಿಸಿದೆ. ಆದುದರಿಂದ ದಿಬ್ಬಗಳಿಂದ ಹಿಡಿದ ಮೀನನ್ನು ಕೊಳ್ಳುವುದು ನಮಗೆ ಸಮ್ಮತವಲ್ಲ. ಹವಳವನ್ನಂತೂ 2001ರಿಂದ ವನ್ಯಜೀವಿ ಕಾಯಿದೆಯೇ ರಕ್ಷಿಸುತ್ತಿದೆ.

ತೊಟ್ಟಿಯಲ್ಲಿ ಹುಟ್ಟಿದ ಮೀನು ಹೂವಿಲ್ಲದೆಯೂ ಬದುಕಬಲ್ಲುದು. ಹೂವಿನ ಪಾಡು ಬೇರೆ: ಅದರ ಮೈಯೊಳಗಿನ ಪಾಚಿಗೆ ಪ್ರಖರವಾದ ಬೆಳಕು ಬೇಕು, ನೀರಿನ ಸ್ಥಿತಿ ಏರುಪೇರಾಗಕೂಡದು. ಮೊದಲ ಕೆಲವು ತಿಂಗಳು ತೊಟ್ಟಿಯಲ್ಲಿ ಮೀನನ್ನು ಮಾತ್ರ ಇರಿಸಿ, ನೀರು ಸ್ಥಿರವಾದ ಮೇಲೆ ಹೂವನ್ನು ತರುವುದು ಲೇಸು.