ತಾಮ್ರದ ಪಕ್ಕದ ಮನೆ ನಿಕಲ್

ಬೆದೆಗೆ ಬಂದ ಹಸುವಿಗೆ ಇಂಜೆಕ್ಷನ್ ಕೊಡಿಸುವಾಗ ಡಾಕ್ಟರು ಕ್ಯಾನ್ ತೆರೆದರೆ ಬಿಳಿ ಹೊಗೆ ಏಳುತ್ತದಲ್ಲ, ಒಳಗಿರುವುದು ದ್ರವ ಸಾರಜನಕ, ಮೈನಸ್ 196 ಡಿಗ್ರಿ. 1987ರಲ್ಲಿ ಆ ತಂಪಿನಲ್ಲೇ ಕರೆಂಟನ್ನು ಚೂರೂ ಪೋಲು ಮಾಡದೆ ಹರಿಸುವ ತಾಮ್ರದ ಆಕ್ಸೈಡ್ ಸಿಕ್ಕಿತು. ಇಂಥದ್ದಕ್ಕೆ ಸೂಪರ್‌ಕಂಡಕ್ಟರ್ ಎನ್ನುತ್ತಾರೆ.

ನಾವು ಕ್ಯಾತ್ಸಂದ್ರದಲ್ಲಿ ಬಸ್ ಹತ್ತಿ ಹೋಗುವ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಸಿ.ಎನ್.ಆರ್. ರಾವ್ ತಂಡವೂ ಅದೇ ವರ್ಷ ಅದನ್ನು ತಯಾರಿಸಿತು. ಹೊಟ್ಟೆ ಉರಿಯುವುದು ಬೇರೆಯದಕ್ಕೆ. ರಾವ್ ಮತ್ತು ಗಂಗೂಲಿ 1970ರ ದಶಕದಲ್ಲೇ ಲ್ಯಾಂಥನಂ-ತಾಮ್ರ, ಲ್ಯಾಂಥನಂ-ನಿಕಲ್ ಆಕ್ಸೈಡ್‌ಗಳನ್ನು ಪರೀಕ್ಷಿಸಿದ್ದರು. 1986ರಲ್ಲಿ ಸ್ವಿಜರ್ಲೆಂಡಿನ ಬೆಡ್ನೋರ್ಜ್, ಮ್ಯುಲರ್ ಆ ತಾಮ್ರದ ಆಕ್ಸೈಡಿಗೇ ಬೇರಿಯಂ ಬೆರೆಸಿ ತಣ್ಣಗೆ ಮಾಡಿ ನೋಡಿದರು, ಮರುವರ್ಷವೇ ನೊಬೆಲ್.

ಆಮೇಲೆ ಶುರುವಾಯಿತು ತಾಮ್ರದಂಥದ್ದೇ ಇನ್ನೊಂದಕ್ಕೆ ಹುಡುಕಾಟ. ಮೂಲವಸ್ತುಗಳ ಪಟ್ಟಿಯಲ್ಲಿ ತಾಮ್ರದ ಪಕ್ಕದ ಮನೆ ನಿಕಲ್. 2019ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು ನಿಕಲ್ ಆಕ್ಸೈಡಿನಲ್ಲೂ ಈ ಗುಣ ಕಂಡರು. 2023ರಲ್ಲಿ ಚೀನಾದವರು ಲ್ಯಾಂಥನಂ-ನಿಕಲ್ ಆಕ್ಸೈಡನ್ನು ವಿಪರೀತ ಒತ್ತಡದಲ್ಲಿಟ್ಟರು. ಹೆಚ್ಚೂಕಮ್ಮಿ ಡಾಕ್ಟರ ಕ್ಯಾನಿನ ತಂಪಿಗೇ ಅದು ಸೂಪರ್‌ಕಂಡಕ್ಟರ್ ಆಯಿತು. ಒತ್ತಡ ತೆಗೆದರೆ ಅಷ್ಟು ತಂಪು ಸಾಲದು.