ಅವ್ವ ಯಾವಾಗ ಬರ್ತಾಳ? ಸಾಂಕ್ರಾಮಿಕ ಕಾಲದ ಮಕ್ಕಳ ಅಂಜಿಕೆ, ನಮ್ಮ ಆರೈಕೆ

ರೋಗ ಹರಡಿದಾಗ ಮೈ ಕಾಯುವ ವ್ಯವಸ್ಥೆ ಮೊದಲು ಹುಟ್ಟುತ್ತದೆ, ಮನಸ್ಸು ಕಾಯುವ ವ್ಯವಸ್ಥೆ ಬಹಳ ತಡವಾಗಿ ಬರುತ್ತದೆ. ಮಕ್ಕಳ ಸರದಿ ಅದಕ್ಕೂ ಆಮೇಲೆ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಕಡೆ ನಿಂತು ನೋಡಿದರೆ ಈ ವಿಳಂಬ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

1898ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನು ಅಲುಗಾಡಿಸಿತು. ಹಾಫ್‌ಕಿನ್ ಕಂಡುಹಿಡಿದ ಲಸಿಕೆಯನ್ನು ಸಾವಿರಾರು ಜನರಿಗೆ ಹಾಕಿದ ಮೊದಲ ಊರುಗಳಲ್ಲಿ ಅದೂ ಒಂದು. ಇಲಿ ಬಿದ್ದ ಮನೆಗೆ ಬೀಗ ಹಾಕಿ, ಜನ ಊರ ಹೊರಗೆ ಗುಡಿಸಲು ಕಟ್ಟಿಕೊಂಡರು. ಸೋಂಕಿತರನ್ನು ಮನೆಯಿಂದ ಒಯ್ಯುವ ಸರ್ಕಾರದ ಕ್ರಮಗಳ ಮೇಲೆ ಮುಂಬೈ ಪ್ರಾಂತ್ಯದ ಜನರಿಗೆ ಎಷ್ಟು ಸಿಟ್ಟಿತ್ತು ಎನ್ನುವುದಕ್ಕೆ 1897ರಲ್ಲಿ ಪುಣೆಯಲ್ಲಿ ನಡೆದ ಪ್ಲೇಗು ಅಧಿಕಾರಿ ರ್‍ಯಾಂಡ್ ಹತ್ಯೆಯೇ ಸಾಕ್ಷಿ. ಗುಡಿಸಲಿಗೆ ಹೋಗುವಾಗ ಇಡೀ ಸಂಸಾರ ಒಟ್ಟಿಗೆ ಹೋಗುತ್ತಿತ್ತು. ಆ ಕಾಲದ ಮಕ್ಕಳಿಗೆ ಸಿಕ್ಕ ಆಸರೆ ಬಹುಶಃ ಅದೊಂದೇ.

ಧಾರವಾಡದಲ್ಲಿ ಮಾನಸಿಕ ಆಸ್ಪತ್ರೆ 1845ರಷ್ಟು ಹಿಂದೆಯೇ ಶುರುವಾಗಿತ್ತು. ಇಂದಿನ ಡಿಮ್ಹಾನ್ಸ್‌ನ ಬೇರು ಅದೇ. ಆದರೆ ಅದು ಕೂಡಿಹಾಕುವ ಜಾಗವಾಗಿತ್ತು, ಅದೂ ದೊಡ್ಡವರನ್ನು. ಮಕ್ಕಳ ಮನಸ್ಸಿಗೆಂದೇ ದೇಶದ ಮೊದಲ ಮಾರ್ಗದರ್ಶನ ಚಿಕಿತ್ಸಾಲಯ ಮುಂಬೈನ ಟಾಟಾ ಸಮಾಜಕಾರ್ಯ ಶಾಲೆಯಲ್ಲಿ ತೆರೆದದ್ದು 1937ರಲ್ಲಿ.

ಈ ಕ್ಷೇತ್ರದ ದಿಕ್ಕು ಬದಲಿಸಿದ ತಿಳಿವಳಿಕೆ ಬಂದದ್ದು ಎರಡನೇ ಮಹಾಯುದ್ಧದಿಂದ. ಲಂಡನ್ ಮೇಲೆ ಬಾಂಬು ಬೀಳುತ್ತಿದ್ದ ದಿನಗಳಲ್ಲಿ ಮನೋವಿಶ್ಲೇಷಕಿಯರಾದ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಹ್ಯಾಂಪ್‌ಸ್ಟೆಡ್‌ನಲ್ಲಿ ಶಿಶುಗೃಹ ನಡೆಸಿದರು. ತಾಯಿ ಜೊತೆಗಿದ್ದು, ಅವಳು ಧೈರ್ಯವಾಗಿದ್ದರೆ ಬಾಂಬಿನ ಸದ್ದನ್ನೂ ಮಗು ತಾಳಿಕೊಳ್ಳುತ್ತದೆ, ತಾಯಿಯಿಂದ ಅಗಲಿಸಿದರೆ ಸುರಕ್ಷಿತ ಹಳ್ಳಿಯಲ್ಲಿದ್ದರೂ ಕುಗ್ಗುತ್ತದೆ ಎಂಬುದನ್ನು ಅವರು ದಿನದಿನದ ಗಮನಿಕೆಯಿಂದ ಕಂಡುಕೊಂಡರು. ಮಗುವಿನ ಅಂಜಿಕೆಗೆ ಮದ್ದು ಹುಡುಕುವವರು ಮನೆಯ ದೊಡ್ಡವರಿಂದ ಶುರು ಮಾಡಬೇಕು ಎಂಬ ಮಾತಿಗೆ ಇಲ್ಲಿ ಗಟ್ಟಿ ಬುನಾದಿ ಸಿಕ್ಕಿತು.

ಕರ್ನಾಟಕದಲ್ಲಿ ಕೆಲಸ ಸಾಗಿದ್ದು ಬೇರೆ ಹಾದಿಯಲ್ಲಿ. 1974ರಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ರೂಪುಗೊಂಡ ಮೇಲೆ, ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸುವ ತರಬೇತಿ ನಡೆಯಿತು. ಅದೇ ವಿಚಾರ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗವಾಗಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ಮನೋವಿಜ್ಞಾನಿ ಮಾಳವಿಕಾ ಕಪೂರ್ ಅವರು ಶಾಲೆಯನ್ನೇ ಮಕ್ಕಳ ಮಾನಸಿಕ ಆರೋಗ್ಯದ ಜಾಗವೆಂದು ಕಂಡು, ಶಿಕ್ಷಕರ ಜೊತೆ ಕೆಲಸ ಮಾಡಿದರು. ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಕನ್ನಡದಲ್ಲಿ ನಿರಂತರವಾಗಿ ಬರೆದು ಈ ಸಂಗತಿಗಳನ್ನು ಮನೆಮಾತಾಗಿಸಿದರು. 2014ರ ಸುಮಾರಿಗೆ ಬಂದ ಮನೋಚೈತನ್ಯ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಾಯಿತು. ಧಾರವಾಡಕ್ಕೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಕಳೆದುಕೊಳ್ಳುವ ಹಾನಗಲ್ಲಿನ ಕುಟುಂಬಕ್ಕೆ ಇದು ಸಣ್ಣ ಅನುಕೂಲವಲ್ಲ.

ಇಷ್ಟು ಸಿದ್ಧತೆಯ ಮೇಲೆ ಕೊರೊನಾ ಎರಗಿತು. 2020ರ ಮಾರ್ಚ್ ನಡುವೆ ಶಾಲೆ ಮುಚ್ಚಿದವು. ಹಾವೇರಿ ಜಿಲ್ಲೆಯ ಮೊದಲ ಪ್ರಕರಣ ಮೇ ಮೊದಲ ವಾರ ಸವಣೂರಿನಲ್ಲಿ ಕಂಡಿತು. ಅಷ್ಟರಲ್ಲಿ ನಿಮ್ಹಾನ್ಸ್ ಸಹಾಯವಾಣಿ ತೆರೆದಿತ್ತು. ಜಿಲ್ಲಾ ಮಾನಸಿಕ ಆರೋಗ್ಯ ತಂಡಗಳು ಕ್ವಾರಂಟೈನ್‌ನಲ್ಲಿದ್ದವರಿಗೆ ಫೋನು ಮಾಡಿ ಮಾತಾಡಿಸುತ್ತಿದ್ದವು. ಮಕ್ಕಳು ಮಾತ್ರ ತಾವಾಗಿ ಫೋನು ಮಾಡಿ ನನಗೆ ಅಂಜಿಕೆ ಆಗುತ್ತಿದೆ ಅನ್ನುವುದಿಲ್ಲ. ಅವರು ಹೊಟ್ಟೆನೋವು ಅನ್ನುತ್ತಾರೆ, ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ, ಅವ್ವನ ಸೆರಗು ಬಿಡುವುದಿಲ್ಲ. ಅದನ್ನು ಕಾಣಲು ಮನೆ ಬಾಗಿಲಿಗೆ ಬರುವ ಕಣ್ಣು ಬೇಕು.

ಆ ಕಣ್ಣು ಕೆಲವು ಕಾಲ ಸಿಕ್ಕಿತು. 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮದಲ್ಲಿ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳಿಗೆ ಹೋಗಿ ಮಕ್ಕಳನ್ನು ಕೂಡಿಸಿದರು. ಸ್ಮಾರ್ಟ್‌ಫೋನು ಇದ್ದವರು, ಸಾದಾ ಫೋನಿನವರು, ಏನೂ ಇಲ್ಲದವರು ಎಂದು ವಿಂಗಡಿಸಿ ಕಲಿಸುವ ಯೋಜನೆ ಅದು. ಅದರ ಉದ್ದೇಶ ಪಾಠ. ಆದರೂ ಪರಿಚಯದ ಮೇಷ್ಟ್ರು ಹೆಸರು ಹಿಡಿದು ಕರೆಯುವುದು, ಗೆಳೆಯರು ಎದುರು ಕೂಡುವುದು, ದಿನಕ್ಕೊಂದು ನಿಗದಿ ಹೊತ್ತು ಮರಳುವುದು, ಇವೇ ಅಂಜಿದ ಮಗುವಿಗೆ ತಜ್ಞರು ಹೇಳುವ ಮೊದಲ ಚಿಕಿತ್ಸೆ. ಸೋಂಕಿನ ವರದಿಗಳು ಬಂದು ಅಕ್ಟೋಬರ್‌ನಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಮನಸ್ಸಿನ ಆರೈಕೆಯ ಲೆಕ್ಕದಲ್ಲಿ ವಿದ್ಯಾಗಮಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಎರಡನೇ ಅಲೆ ಹಳ್ಳಿಗಳ ಒಳಗೇ ಬಂತು. 2021ರ ಮೇ ತಿಂಗಳಲ್ಲಿ ಹಳ್ಳಿಯ ಸೋಂಕಿತರು ಮನೆಯಲ್ಲಿ ಉಳಿಯದೆ ಆರೈಕೆ ಕೇಂದ್ರಕ್ಕೆ ಹೋಗಬೇಕೆಂದು ಸರ್ಕಾರ ಹೇಳಿತು. ಶಿಗ್ಗಾಂವಿಯಲ್ಲಿ, ಆಗ ಗೃಹ ಸಚಿವರಾಗಿದ್ದ ಬಸವರಾಜ ಬೊಮ್ಮಾಯಿ ಅವರ ಮನೆಯೇ ಆರೈಕೆ ಕೇಂದ್ರವಾಯಿತು. ಒಂದೇ ಕೋಣೆಯ ಮನೆಗಳಲ್ಲಿ ಸೋಂಕು ತಡೆಯಲು ಇದು ಬೇಕಾಗಿತ್ತು, ಒಪ್ಪೋಣ. ಆದರೆ ಹ್ಯಾಂಪ್‌ಸ್ಟೆಡ್‌ನ ಪಾಠ ನಮ್ಮ ನಿಯಮಗಳಲ್ಲಿ ಎಲ್ಲಿತ್ತು? ಅವ್ವ ಕೇಂದ್ರದಲ್ಲಿ, ಮಗು ಅಜ್ಜಿಯ ಹತ್ತಿರ. "ಅವ್ವ ಯಾವಾಗ ಬರ್ತಾಳ?" ಎಂದು ಕೇಳಿದರೆ ಅಜ್ಜಿಗೂ ಉತ್ತರ ಗೊತ್ತಿಲ್ಲ. ಹಾಸಿಗೆ, ಆಮ್ಲಜನಕ, ಊಟದ ಪಟ್ಟಿಯ ಜೊತೆ, ದಿನಕ್ಕೆ ಎರಡು ಸಲ ತಾಯಿ ಮಗುವಿಗೆ ವಿಡಿಯೋ ಕರೆ ಮಾಡಿಸುವುದೂ ನಿಯಮವಾಗಬೇಕಿತ್ತು. ಅದಕ್ಕೆ ಹಣವೇನೂ ಹೆಚ್ಚು ಬೇಕಿರಲಿಲ್ಲ.

ಸಾವಿನ ಮನೆಗಳ ಸಂಕಟ ಇನ್ನೂ ಆಳ. ಮಣ್ಣಿಗೆ ಬರುವ ಜನವಿಲ್ಲ, ಕೊನೆಯ ಸಲ ಮುಖ ನೋಡುವ ಅವಕಾಶವಿಲ್ಲ. ಮಗುವಿಗೆ ಅಪ್ಪ ಊರಿಗೆ ಹೋಗಿದ್ದಾನೆ ಎಂದು ಹೇಳಿಬಿಡುವುದು ನಮ್ಮಲ್ಲಿ ಸಾಮಾನ್ಯ. ಹಾಗೆ ಮಾಡಿದರೆ ಮಗು ಕಾಯುತ್ತಲೇ ಇರುತ್ತದೆ, ಕೊನೆಗೆ ದೊಡ್ಡವರ ಯಾವ ಮಾತನ್ನೂ ನಂಬುವುದಿಲ್ಲ. ವಯಸ್ಸಿಗೆ ತಕ್ಕ ಮಾತಿನಲ್ಲಿ ಸತ್ಯ ಹೇಳಿ, ಅಳಲು ಬಿಡಿ ಎಂಬುದು ಈ ಕ್ಷೇತ್ರದ ಖಚಿತ ಸಲಹೆ. ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯದ ಬಾಲಸೇವಾ ಯೋಜನೆ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ದುಃಖದ ಜೊತೆ ಕೂಡುವ ಜನರನ್ನು ಯಾವ ಯೋಜನೆಯೂ ಅಷ್ಟು ನಿಖರವಾಗಿ ಗೊತ್ತುಮಾಡಲಿಲ್ಲ.

ಅದೇ 2021ರಲ್ಲಿ ಹಲವು ದೇಶಗಳ 29 ಅಧ್ಯಯನಗಳನ್ನು ಕೂಡಿಸಿದ ವಿಶ್ಲೇಷಣೆ, ಐವರಲ್ಲಿ ಒಂದು ಮಗುವಿಗೆ ಗಮನಿಸಬೇಕಾದ ಮಟ್ಟದ ಆತಂಕವಿದೆ ಎಂದು ತೋರಿಸಿತು. 2022ರ ಅಕ್ಟೋಬರ್ 10ರಂದು ಟೆಲಿ ಮನಸ್ ಸಹಾಯವಾಣಿ ಬಂತು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಒಳ್ಳೆಯದೇ. ಆದರೂ ಜಿಲ್ಲಾ ತಂಡ ಇರುವುದು ಜಿಲ್ಲಾ ಕೇಂದ್ರದಲ್ಲಿ. ಹಾನಗಲ್ಲಿಗೂ ಹಿರೇಕೆರೂರಿಗೂ ಮಕ್ಕಳ ಮನಸ್ಸು ಬಲ್ಲ ಒಬ್ಬೊಬ್ಬ ಕಾಯಂ ಸಲಹೆಗಾರರು ಬೇಕು. ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿಯವರಿಗೆ, ಶಿಕ್ಷಕರಿಗೆ ಪ್ರತಿವರ್ಷ ತರಬೇತಿ ಬೇಕು. 2020ರ ಮಕ್ಕಳ ದಿನದಂದು ಶುರುವಾದ ಓದುವ ಬೆಳಕು ಯೋಜನೆಯಿಂದ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿದೆ. ಸಲಹೆಗಾರರು ವಾರಕ್ಕೊಮ್ಮೆ ಅಲ್ಲಿಗೇ ಬಂದು ಕೂತರೆ ಹೊಸ ಕಟ್ಟಡವೂ ಬೇಡ.